ಜನವರಿಯ ಬಿಡುವು ಮತ್ತು ಜಿಂಕೆಗಳ ಮೆಕ್ಕೆಜೋಳ: ನಮ್ಮ ಅತಿಥಿಗಳಿಗೆ ಪತ್ರ

ಆತ್ಮೀಯರೇ,

ಆಸ್ಟಿನ್, ಸ್ಯಾನ್ ಆಂಟೋನಿಯೊ, ಹ್ಯೂಸ್ಟನ್‌ಗಳಿಂದ ನಮ್ಮ ರಾಂಚ್‌ಗೆ ಬಂದುಹೋಗುವ ಕನ್ನಡ ಕುಟುಂಬಗಳಿಗೆಲ್ಲ ನಮಸ್ಕಾರ. ಮುಂದಿನ ಜನವರಿ 4ರಿಂದ ಫೆಬ್ರವರಿ 10ರವರೆಗೆ ಅತಿಥಿಗೃಹ ಮುಚ್ಚಿರುತ್ತದೆ. ಸಂಕ್ರಾಂತಿಯ ವಾರವೂ ಇದರಲ್ಲಿ ಸೇರಿದೆ. ಜಿಂಕೆಗಳಿಗೆ ಮೆಕ್ಕೆಜೋಳ ಹಾಕುವ ಸಂಜೆಯ ಕಾರ್ಯಕ್ರಮವನ್ನಂತೂ ಇಂದಿನಿಂದಲೇ ನಿಲ್ಲಿಸಿದ್ದೇವೆ.

'ದುರಸ್ತಿ ಕೆಲಸ' ಎಂದು ಬರೆದರೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಆದರೆ ಮಾರ್ಚಿನಲ್ಲಿ ಬಂದಾಗ ಹಿಂಡು ಚಿಕ್ಕದಾಗಿರುವುದು ನಿಮ್ಮ ಮಕ್ಕಳ ಕಣ್ಣಿಗೆ ಬೀಳದೆ ಇರದು. ಆದ್ದರಿಂದ ನೇರವಾಗಿಯೇ ಹೇಳುತ್ತೇವೆ: ಆ ವಾರಗಳಲ್ಲಿ ಬೇಲಿಯೊಳಗಿನ ಚುಕ್ಕೆ ಜಿಂಕೆಗಳಲ್ಲಿ ಒಂದು ಪಾಲನ್ನು, ಮುಖ್ಯವಾಗಿ ಹೆಣ್ಣುಗಳನ್ನು, ಗುಂಡಿಟ್ಟು ಕಡಿಮೆ ಮಾಡುತ್ತೇವೆ.

ನಮ್ಮೂರಿನ ಜಿಂಕೆಯನ್ನು ಪರದೇಶದಲ್ಲಿ ಕಂಡು ಹಿಗ್ಗುವವರಿಗೆ ಇದು ಕಹಿ ಎಂದು ಗೊತ್ತು. ಚುಕ್ಕೆ ಜಿಂಕೆ, ಕೃಷ್ಣಮೃಗ ಎರಡನ್ನೂ 1932ರ ಸುಮಾರಿಗೆ ಟೆಕ್ಸಸ್‌ಗೆ ತಂದದ್ದು ಬೇಟೆಗಾಗಿ. ಅದರಿಂದ ಒಳಿತೂ ಆಗಿದೆ. ಪಾಕಿಸ್ತಾನದಲ್ಲಿ ಕೃಷ್ಣಮೃಗ ಇಲ್ಲವಾದ ಮೇಲೆ, 1970ರಲ್ಲಿ ಅಲ್ಲಿನ ಲಾಲ್ ಸುಹಾನ್ರಾ ರಾಷ್ಟ್ರೀಯ ಉದ್ಯಾನಕ್ಕೆ ಕಳಿಸಿದ ಪ್ರಾಣಿಗಳು ಟೆಕ್ಸಸ್‌ನವು. ಆದರೆ ಎಂಟು ಅಡಿ ಎತ್ತರದ ಬೇಲಿಯೊಳಗೆ ಲೆಕ್ಕವೇ ಬೇರೆ. ಬಂಡೀಪುರದಲ್ಲಿ ಹುಲಿ, ಚಿರತೆ, ಸೀಳುನಾಯಿಗಳಿವೆ. ಇಲ್ಲಿ ಕೊಯೋಟಿ ಎಂಬ ಚಿಕ್ಕ ತೋಳದಂಥ ಪ್ರಾಣಿ ಜಿಂಕೆ ಮರಿಗಳನ್ನು ಹಿಡಿದೀತೇ ಹೊರತು ಬೆಳೆದ ಜಿಂಕೆಯ ತಂಟೆಗೆ ಬರುವುದು ಅಪರೂಪ. ಚುಕ್ಕೆ ಜಿಂಕೆಗೆ ಮರಿ ಹಾಕಲು ಇಂಥದೇ ಋತು ಎಂಬುದೂ ಇಲ್ಲ.

ನಮ್ಮ ರಾಂಚ್ ಇರುವ ಎಡ್ವರ್ಡ್ಸ್ ಪ್ರಸ್ಥಭೂಮಿ ಸುಣ್ಣಕಲ್ಲಿನ ನೆಲ. ಮೇಲೆ ತೆಳ್ಳಗೆ ಮಣ್ಣು, ಕಡಿಮೆ ಮಳೆ, ಹುಲ್ಲಿನ ನಡುವೆ ಓಕ್ ಮತ್ತು ಜೂನಿಪರ್. ಜಿಂಕೆಗಳು ಹೆಚ್ಚಾದಾಗ ಮೊದಲು ಹೋಗುವುದು ಓಕ್ ಸಸಿ. ಜೂನಿಪರ್ ಅವುಗಳಿಗೆ ರುಚಿಸದು, ಹಾಗಾಗಿ ಅದೇ ಹಬ್ಬುತ್ತದೆ. ನಮ್ಮ ಹಳ್ಳದ ದಂಡೆಯ ಮರಗಳನ್ನು ನೋಡಿ: ಜಿಂಕೆಯ ಬಾಯಿ ಎಟುಕುವ ಎತ್ತರದವರೆಗೆ, ಕ್ಷೌರಿಕ ಕತ್ತರಿಯಿಂದ ಸಮ ಮಾಡಿದ ಹಾಗೆ, ಒಂದೇ ಒಂದು ಎಲೆಯಿಲ್ಲ. ದೊಡ್ಡ ಓಕ್‌ಗಳಿವೆ, ಅವುಗಳ ಕೆಳಗೆ ಮರಿ ಓಕ್‌ಗಳಿಲ್ಲ.

ಮೊದಲು ಸೋಲುವುದು ಇಲ್ಲಿಯದೇ ಆದ ಬಿಳಿಬಾಲದ ಜಿಂಕೆ. ಟೆಕ್ಸಸ್‌ನದೇ ಆದ ಕೆರ್ ವನ್ಯಜೀವಿ ಪ್ರದೇಶದಲ್ಲಿ 1970ರ ದಶಕದಲ್ಲಿ 96 ಎಕರೆಯ ಬೇಲಿಯೊಳಗೆ ಆರು ಬಿಳಿಬಾಲದ ಜಿಂಕೆ, ಪೂರ್ವ ಏಷ್ಯಾ ಮೂಲದ ಆರು ಸಿಕಾ ಜಿಂಕೆಗಳನ್ನು ಬಿಟ್ಟು ನೋಡಿದ್ದರು. ದಶಕ ಮುಗಿಯುವ ಹೊತ್ತಿಗೆ ಸಿಕಾ 60 ದಾಟಿದ್ದವು, ಬಿಳಿಬಾಲದ್ದು ಒಂದೂ ಉಳಿದಿರಲಿಲ್ಲ. ಎಲೆ ಮುಗಿದರೆ ಸಿಕಾ ಹುಲ್ಲು ತಿಂದು ಬದುಕುತ್ತದೆ, ನಮ್ಮ ಚುಕ್ಕೆ ಜಿಂಕೆಯೂ ಅಷ್ಟೇ. ಬಿಳಿಬಾಲದ್ದಕ್ಕೆ ಬಲಿತ ಹುಲ್ಲು ಅರಗುವುದಿಲ್ಲ.

ಬೇಲಿ ತೆಗೆದು ಓಡಿಸಿಬಿಡಿ ಎನ್ನುವವರಿದ್ದಾರೆ. ಬೇಲಿಯ ಹೊರಗೂ ಸಾಕಷ್ಟು ಚುಕ್ಕೆ ಜಿಂಕೆಗಳಿವೆ, ಅದು ನಮ್ಮ ಹೊರೆಯನ್ನು ನೆರೆಯವರ ತಲೆಗೆ ಕಟ್ಟಿದಂತೆ. ಬೇರೆ ರಾಂಚ್‌ಗಳಿಗೆ ಜೀವಂತ ಮಾರುವುದನ್ನೂ ವಿಚಾರಿಸಿದೆವು. ಅವರವರ ಬಳಿ ಅವರಿಗೆ ಬೇಕಾದಷ್ಟು ಇವೆ. ಸುಮ್ಮನೆ ಬಿಟ್ಟರೆ ಬರವೋ ಚಳಿಯೋ ಆ ಕೆಲಸ ಮಾಡುತ್ತದೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಈ ಸೀಮೆಯಲ್ಲಿ ಚುಕ್ಕೆ ಜಿಂಕೆ, ಕೃಷ್ಣಮೃಗಗಳು ರಾಶಿರಾಶಿಯಾಗಿ ಸತ್ತವು. ಹಸಿದ ಪ್ರಾಣಿಗೆ ಚಳಿ ತಡೆಯುವ ಕೊಬ್ಬು ಎಲ್ಲಿಂದ ಬರಬೇಕು? ಬೇಲಿ ಹಾಕಿದವರೇ ಸಂಖ್ಯೆಯನ್ನೂ ನೋಡಿಕೊಳ್ಳಬೇಕು ಎಂಬುದು ನಮ್ಮ ನಿಲುವು. ಕೃಷ್ಣಮೃಗಗಳು ಕಡಿಮೆಯೇ ಇರುವುದರಿಂದ ಅವುಗಳನ್ನು ಮುಟ್ಟುವುದಿಲ್ಲ. ಅವುಗಳಿಗಾಗಿ ಪಶ್ಚಿಮದ ದಿಬ್ಬದ ಜೂನಿಪರ್ ಕಡಿದು ಬಯಲು ಬಿಡಿಸುತ್ತಿದ್ದೇವೆ.

ಇನ್ನು ಮೆಕ್ಕೆಜೋಳ. ಮಕ್ಕಳಿಗೆ ಅದರಷ್ಟು ಖುಷಿ ಕೊಟ್ಟದ್ದು ಇನ್ನೊಂದಿಲ್ಲ, ಬಲ್ಲೆವು. ಆದರೆ ಕಾಳು ಬಿದ್ದ ಕಡೆ ಹಿಂಡೆಲ್ಲ ಮೂತಿಗೆ ಮೂತಿ ತಾಗಿಸಿ ನಿಲ್ಲುತ್ತದೆ. ಜಿಂಕೆಗಳ ಮಿದುಳನ್ನು ಹಾಳುಮಾಡುವ ಕ್ರಾನಿಕ್ ವೇಸ್ಟಿಂಗ್ ಎಂಬ ಕಾಯಿಲೆ ಜೊಲ್ಲಿನಿಂದಲೂ ಹರಡುತ್ತದೆ, ಅದಕ್ಕೆ ಮದ್ದಿಲ್ಲ. ಟೆಕ್ಸಸ್‌ನಲ್ಲಿ ಅದು 2012ರಲ್ಲಿ ಮೊದಲು ಕಾಣಿಸಿತು. 2015ರಲ್ಲಿ ಮದೀನಾ ಕೌಂಟಿಯಲ್ಲಿ ಸಾಕಿದ ಬಿಳಿಬಾಲದ ಜಿಂಕೆಯಲ್ಲೂ ಸಿಕ್ಕಿತು. ಕಾಳಿನ ಬದಲು ಬೆಳಗಿನ ಹೊತ್ತು ಅಟ್ಟಣೆಯ ಮೇಲಿಂದ ಹಿಂಡನ್ನು ನೋಡಬಹುದು. ಅಲ್ಲೇ ಪಕ್ಕದಲ್ಲಿ ಓಕ್ ಸಸಿಗಳಿಗೆ ತಂತಿಪಂಜರ ಹಾಕಿದ್ದೇವೆ. ಒಳಗಿನ ಸಸಿ ಮತ್ತು ಹೊರಗಿನ ಸಸಿಯ ಅಂತರವನ್ನು ಮಕ್ಕಳಿಗೆ ತೋರಿಸಿ. ಬಕೆಟ್‌ಗೆ ಪಡೆಯುತ್ತಿದ್ದ 10 ಡಾಲರ್ ಇನ್ನು ಬಿಲ್ಲಿನಲ್ಲಿ ಇರುವುದಿಲ್ಲ.

ಕೇಳಲು ಸಂಕೋಚಪಡುವ ಒಂದು ಪ್ರಶ್ನೆಗೆ ನಾವೇ ಉತ್ತರಿಸುತ್ತೇವೆ. ಮಾಂಸ ಪರವಾನಗಿ ಇರುವವರ ಕೈಗೆ ಹೋಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಬಿಸಿಬೇಳೆಬಾತಿನ ಪಾತ್ರೆ ಬಿಸಿಬೇಳೆಬಾತಿಗೇ ಮೀಸಲು, ಎಂದಿನಂತೆ.

ಮುಚ್ಚಿರುವ ದಿನಗಳಿಗೆ ಮುಂಗಡ ಕೊಟ್ಟವರು ಡಿಸೆಂಬರ್ 10ರೊಳಗೆ ತಿಳಿಸಿದರೆ ಪೂರ್ತಿ ಹಣ ಮರಳಿಸುತ್ತೇವೆ. ಬೇಡವೆಂದರೆ ಬ್ಲೂಬಾನೆಟ್ ಅರಳುವ ಮಾರ್ಚ್ ಕೊನೆಗೆ ಕೋಣೆ ಕಾದಿರಿಸುತ್ತೇವೆ. ಆ ವಾರಾಂತ್ಯಗಳು ಬೇಗ ತುಂಬುತ್ತವೆ. ಬರುವಾಗ ಬಾಳೆಹಣ್ಣು, ಬ್ರೆಡ್ಡು ನಿಮಗೆ ಬೇಕಾದಷ್ಟು ತನ್ನಿ, ಜಿಂಕೆಗಳಿಗೆಂದು ಮಾತ್ರ ಬೇಡ.

ಇಂತಿ,
ಅತಿಥಿಗೃಹದ ಪಾಲುದಾರರು