ಕಂಬ ಹತ್ತುವವನಿಗೆ, ಡಂಡಿಯಿಂದ

ಮಾರಾಯ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಏಳು ನಿಮಿಷದಲ್ಲಿ ಐದು ನಿಮಿಷ ಬರೀ ಮಳೆ ಶಬ್ದ. ಉಳಿದ ಎರಡು ನಿಮಿಷದಲ್ಲಿ ನೀನು ಕೇಳಿದ್ದು ಒಂದೇ. "ಮೂರನೇ ವರ್ಷ ಆಯ್ತಲ, ಅಲ್ಲಿ ಎಂತ ಓದ್ತಾ ಇದೀಯ ಅಂತ ಒಂದ್ಸಲ ಸರಿಯಾಗಿ ಹೇಳು." ಇದೇ ಪ್ರಶ್ನೆಯನ್ನು ಸಾಗರದ ಅರ್ಧ ಪೇಟೆ ಕೇಳಿದೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ಹೆದರಬೇಡ, ಹಲಸಿನಕಾಯಿ ಮತ್ತು ಹೆಡ್‌ಮಾಸ್ತರ ಸ್ಕೂಟರಿನ ವಿಷಯ ಬರುವುದಿಲ್ಲ.

ಮೊದಲು ಊರಿನ ಹೆಸರು. ದಂಡಿ ಅಲ್ಲ, ಡಂಡಿ. ಅಮ್ಮ ಎಲ್ಲರ ಹತ್ತಿರವೂ ದಂಡಿ ಎಂದೇ ಹೇಳಿದ್ದಾಳೆ. ಪಕ್ಕದ ಮನೆ ಮಾವ "ಗಾಂಧೀಜಿ ಉಪ್ಪು ಮಾಡಿದ ಊರಲ್ವಾ, ಒಳ್ಳೇದಾಯ್ತು" ಎಂದರಂತೆ. ಇದು ಸ್ಕಾಟ್ಲೆಂಡಿನ ಪೂರ್ವದ ಕಡಲ ಅಂಚು. ಟೇ ಎಂಬ ಹೊಳೆ ಸಮುದ್ರ ಸೇರುವ ಜಾಗ. ಒಂದು ಕಾಲದಲ್ಲಿ ಬಂಗಾಳದ ಸೆಣಬು ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು. ತಿಮಿಂಗಿಲದ ಎಣ್ಣೆ ಹಾಕಿ ಮೆದು ಮಾಡಿ, ಇಲ್ಲಿನ ಮಿಲ್ಲುಗಳಲ್ಲಿ ಗೋಣಿ ನೇಯುತ್ತಿದ್ದರು. ಅಡಿಕೆ ಚೀಲ ಹೊತ್ತು ಬೆಳೆದ ನಮಗೆ ಈ ಊರು ದೂರದ ನೆಂಟ ಎಂದುಕೊಳ್ಳಬಹುದು. ಊರ ಮಧ್ಯ ಒಂದು ಗುಡ್ಡ ಇದೆ. ಅದರ ಹೆಸರು ಲಾ. ತಮಾಷೆ ಅಲ್ಲ, ಹಳೆಯ ಭಾಷೆಯಲ್ಲಿ ಆ ಶಬ್ದಕ್ಕೆ ಗುಡ್ಡ ಎಂದೇ ಅರ್ಥ. ಮೂರು ವರ್ಷದಲ್ಲಿ ನಾನು ಪೂರ್ತಿ ಮುಗಿಸಿದ ಲಾ ಅದೊಂದೇ.

ಈಗ ಓದು. ಬ್ರಿಟನ್ ನೋಡಲು ಒಂದೇ ಮನೆ, ಒಳಗೆ ಒಲೆ ಬೇರೆ ಬೇರೆ. 1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನ ಜೊತೆ ಸೇರಿದಾಗ ಪಾರ್ಲಿಮೆಂಟು ಒಂದಾಯಿತು. ಕೋರ್ಟು, ಕಾನೂನು ಮಾತ್ರ ಬೇರೆಯಾಗಿಯೇ ಉಳಿದವು. ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಕೇಸಿನ ತೀರ್ಪು ಹೇಳುವ ಜ್ಯೂರಿಯಲ್ಲಿ 12 ಸಾಮಾನ್ಯ ಜನ, ಇಲ್ಲಿ 15. ಅಲ್ಲಿ ಓದಿದವನು ಇಲ್ಲಿ ಸೀದಾ ವಕೀಲನಾಗಲು ಆಗುವುದಿಲ್ಲ. ನಾನು ಸೇರಿದ್ದು ಎರಡೂ ಕಡೆಯ ಕಾನೂನನ್ನು ಒಟ್ಟಿಗೆ ಕಲಿಸುವ ಡಿಗ್ರಿ. ಅದರ ಮೇಲೆ ಎನರ್ಜಿ ಲಾ. ಎಣ್ಣೆ, ಗ್ಯಾಸು, ಗಾಳಿ, ನೀರು, ಕರೆಂಟು, ಇವುಗಳ ಕಾನೂನು. ಈ ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ 1977ರಲ್ಲಿ ಒಂದು ಕೇಂದ್ರ ಶುರು ಮಾಡಿದ್ದರು, ಉತ್ತರ ಸಮುದ್ರದಲ್ಲಿ ಎಣ್ಣೆ ಉಕ್ಕುತ್ತಿದ್ದ ದಿನಗಳಲ್ಲಿ. ಇಷ್ಟೆಲ್ಲ ಆದ ಮೇಲೆ ನಾನು ಸಾಗರದ ಕೋರ್ಟಿನಲ್ಲಿ ಕರಿಕೋಟು ಹಾಕಬೇಕು ಅಂದರೆ ನಮ್ಮ ಬಾರ್ ಕೌನ್ಸಿಲ್‌ನ ಪರೀಕ್ಷೆ ಬೇರೆ ಬರೆಯಬೇಕು. ಈ ಸಂಗತಿ ಅಪ್ಪನಿಗೆ ಇನ್ನೂ ಹೇಳಿಲ್ಲ. ಅವರು ಈ ಪತ್ರ ಓದುವುದಾದರೆ, ಅಪ್ಪಾ, ರಾತ್ರಿ ಫೋನ್ ಮಾಡ್ತೇನೆ.

ಎರಡು ಕೇಸು ಹೇಳುತ್ತೇನೆ, ನಿನಗೆ ಇಷ್ಟವಾಗುತ್ತದೆ.

ಒಂದು ಬಸವನಹುಳುವಿನದು. 1928ರಲ್ಲಿ ಪೈಸ್ಲಿ ಎಂಬ ಊರಿನ ಹೋಟೆಲಿನಲ್ಲಿ ಒಬ್ಬ ಹೆಂಗಸಿಗೆ ಅವಳ ಗೆಳತಿ ಜಿಂಜರ್ ಬಿಯರ್ ಕೊಡಿಸಿದಳು. ಅರ್ಧ ಕುಡಿದ ಮೇಲೆ ಬಾಟಲಿಯಿಂದ ಕೊಳೆತ ಬಸವನಹುಳು ಬಿತ್ತಂತೆ. ದುಡ್ಡು ಕೊಟ್ಟಿದ್ದು ಗೆಳತಿಯಾದ್ದರಿಂದ ಇವಳಿಗೂ ಹೋಟೆಲಿಗೂ ಕರಾರೇ ಇಲ್ಲ. ಅವಳು ಸೀದಾ ಬಾಟಲಿ ತುಂಬಿದವನ ಮೇಲೆ ಕೇಸು ಹಾಕಿದಳು. 1932ರಲ್ಲಿ ಗೆದ್ದಳು. ಇವತ್ತು ನಮ್ಮ ದೇಶದಲ್ಲೂ ಲಾ ಓದುವವರು ಮೊದಲ ವರ್ಷವೇ ಇದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಮಜಾ ಎಲ್ಲಿದೆ ಗೊತ್ತಾ? ಬಾಟಲಿಯಲ್ಲಿ ಹುಳು ಇತ್ತು ಎಂದು ಯಾವ ಕೋರ್ಟಿನಲ್ಲೂ ಸಾಬೀತಾಗಲಿಲ್ಲ. ಅವಳು ಹೇಳಿದ್ದೆಲ್ಲ ನಿಜ ಎಂದು ಇಟ್ಟುಕೊಂಡರೆ ಕೇಸು ನಿಲ್ಲುತ್ತದಾ ಎಂದಷ್ಟೇ ನೋಡಿದರು. ಸಾಕ್ಷಿ ವಿಚಾರಣೆ ನಡೆಯುವ ಮೊದಲೇ ರಾಜಿಯಾಯಿತು.

ಇನ್ನೊಂದು ಎಣ್ಣೆಯದು. ಇಂಗ್ಲೆಂಡಿನ ಸರ್ರೆಯಲ್ಲಿ ಮೊಹಮ್ಮದ್ ಅಲ್ ಫಯದ್ ಎಂಬ ಭಾರೀ ಶ್ರೀಮಂತನಿಗೆ ಸೇರಿದ ದೊಡ್ಡ ಎಸ್ಟೇಟು. ಪಕ್ಕದ ಜಾಗದಿಂದ ಒಂದು ಕಂಪನಿ ಓರೆಯಾಗಿ ಬೋರು ಕೊರೆದು, ಇವನ ನೆಲದ ಆಳದಲ್ಲಿ ಪೈಪು ಹಾಯಿಸಿ ಎಣ್ಣೆ ತೆಗೆಯುತ್ತಿತ್ತು. ಎಣ್ಣೆ ಹೇಗೂ ನೆಲದ ಒಡೆಯನದಲ್ಲ, 1934ರ ಕಾಯ್ದೆಯಿಂದ ಅದು ಸರ್ಕಾರದ್ದು. ಆದರೆ ಪೈಪು ಹಾದ ಮಣ್ಣು? 2010ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ಮಣ್ಣು ಅವನದೇ, ಕೇಳದೆ ಹೋಗಿದ್ದು ತಪ್ಪು. ಸರಿ, ಪರಿಹಾರ ಎಷ್ಟು? ಕೆಳಗಿನ ಕೋರ್ಟು 6 ಲಕ್ಷ ಪೌಂಡಿಗೂ ಜಾಸ್ತಿ ಕೊಟ್ಟಿತ್ತು. ಕೊನೆಗೆ ಉಳಿದದ್ದು ಒಂದು ಸಾವಿರ ಪೌಂಡು. ಅಷ್ಟು ದುಡ್ಡಿದ್ದವನಿಗೇ ಹೀಗಾದರೆ ಎಂದು ನಾನು ಕ್ಲಾಸಿನಲ್ಲಿ ಶುರು ಮಾಡಿದೆ. ಶುರು ಮಾಡಿದರೆ ನಾನು ಬಂದು ನಿಲ್ಲುವುದು ಯಾವಾಗಲೂ ಲಿಂಗನಮಕ್ಕಿಯಲ್ಲೇ. ಇಲ್ಲಿ ನನ್ನನ್ನು ಎಲ್ಲರೂ ಡ್ಯಾಮ್ ಹುಡುಗ ಎಂದೇ ಕರೆಯುತ್ತಾರೆ. 1964ರಲ್ಲಿ ಡ್ಯಾಮು ಮುಗಿಯಿತು, ಹಳೆಯ ಮಡೆನೂರು ಡ್ಯಾಮು ಹೊಸ ಡ್ಯಾಮಿನ ನೀರಲ್ಲೇ ಮುಳುಗಿತು, ಬೇಸಿಗೆಯಲ್ಲಿ ನೀರು ಇಳಿದರೆ ಅದು ಎದ್ದು ಬರುತ್ತದೆ ಎಂದು ಹೇಳಿದರೆ ಎಲ್ಲರ ಬಾಯಿ ತೆರೆದೇ ಇರುತ್ತದೆ. ಆಮೇಲೆ ನಾನು ಸ್ವಲ್ಪ ಸುಮ್ಮನಾಗುತ್ತೇನೆ. ಆಮೇಲೆ "ನನ್ನ ಅಜ್ಜ" ಎನ್ನುತ್ತೇನೆ.

ಈಗ ಹೇಳಬೇಕಾದ್ದಕ್ಕೆ ಬಂದೆ. ಹೋದ ತಿಂಗಳು ಪಿಟ್ಲೊಖ್ರಿ ಎಂಬಲ್ಲಿಗೆ ಹೋಗಿದ್ದೆ. ಅಲ್ಲೊಂದು ಡ್ಯಾಮು ಇದೆ, 1951ರ ಸುಮಾರಿನದು. ನಮ್ಮ ಲೆಕ್ಕದಲ್ಲಿ ಅದು ಡ್ಯಾಮೇ ಅಲ್ಲ, ದೊಡ್ಡ ಒಡ್ಡು. ನೋಡಲು ಜನ ಬರುವುದು ಮೀನಿಗೆ. ಸಾಲ್ಮನ್ ಮೀನು ಸಮುದ್ರದಿಂದ ತಾನು ಹುಟ್ಟಿದ ಹೊಳೆಗೆ ಮೊಟ್ಟೆ ಇಡಲು ವಾಪಸ್ ಹೋಗುತ್ತದೆ. ದಾರಿಗೆ ಡ್ಯಾಮು ಅಡ್ಡ ಬಂತಲ್ಲ, ಅದಕ್ಕೆ ಮೀನಿಗೊಂದು ಏಣಿ ಕಟ್ಟಿದ್ದಾರೆ. 310 ಮೀಟರ್ ಉದ್ದ, 34 ಗುಂಡಿ. ಒಂದರಿಂದ ಇನ್ನೊಂದಕ್ಕೆ ಏರುತ್ತಾ, ನಡುವೆ ಸುಧಾರಿಸಿಕೊಳ್ಳುತ್ತಾ ಮೀನು ಮೇಲೆ ಹೋಗುತ್ತದೆ. ಯಾರೋ ಪುಣ್ಯಾತ್ಮರು ಸುಮ್ನೆ ಕಟ್ಟಿದ್ದಲ್ಲ ಇದು. ಈ ಡ್ಯಾಮುಗಳೆಲ್ಲ 1943ರ ಒಂದು ಕಾಯ್ದೆಯಿಂದ ಬಂದವು. ಮೀನುಗಾರಿಕೆಯ ಬಗ್ಗೆ ಒಂದು ಸಮಿತಿ, ಊರಿನ ಚಂದದ ಬಗ್ಗೆ ಇನ್ನೊಂದು ಸಮಿತಿ ಇರಬೇಕು ಎಂದು ಆ ಕಾಯ್ದೆಯಲ್ಲೇ ಬರೆದಿತ್ತು. ಅಷ್ಟಾದರೂ ಊರಿನವರು ಡ್ಯಾಮು ಬೇಡ ಎಂದು ಜಗಳಾಡಿದ್ದರು. ಈಗ ಅದನ್ನೇ ತೋರಿಸಿ ಕಾಫಿ ಮಾರುತ್ತಾರೆ.

ಎಷ್ಟು ಮೀನು ಹತ್ತಿದವು ಎಂದು ಎಣಿಸಲು ಅಲ್ಲಿ ಯಂತ್ರ ಇದೆ. ಒಂದೊಂದನ್ನೂ ಎಣಿಸುತ್ತದೆ.

ನನ್ನ ಜೊತೆ ಬಂದಿದ್ದ ಹುಡುಗಿ ಸುಮ್ನೆ ಕೇಳಿದಳು, "ನಿಮ್ಮ ಡ್ಯಾಮಿನಲ್ಲಿ ಎಷ್ಟು ಮನೆ ಹೋಯಿತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ ಎಂದೆ. "ನಿನ್ನ ಅಜ್ಜನ ಊರಿನಲ್ಲಿ?" ಅದೂ ಗೊತ್ತಿರಲಿಲ್ಲ. "ಅಜ್ಜ ಹೇಳಲಿಲ್ವಾ?"

ಮಾರಾಯ, ಅಜ್ಜ ಏನೂ ಹೇಳಲಿಲ್ಲ.

ಈ ಸೀಟಿಗೆ ಅರ್ಜಿ ಹಾಕುವಾಗ ನಾನು ಯಾಕೆ ಈ ವಿಷಯ ಓದಬೇಕು ಎಂದು ಒಂದು ಪುಟ ಬರೆಯಬೇಕಿತ್ತು. ನಾನು ಬರೆದೆ, ಹಿನ್ನೀರಿನ ದಡದ ಮನೆಯಲ್ಲಿ ಚಿಮಣಿ ದೀಪದ ಬೆಳಕಲ್ಲಿ ಅಜ್ಜ ನನಗೆ ಮುಳುಗಿದ ಊರಿನ ಕತೆ ಹೇಳುತ್ತಿದ್ದ ಎಂದು. ನಮ್ಮ ಮನೆಗೆ ನಾನು ಹುಟ್ಟುವ ಮೊದಲೇ ಕರೆಂಟು ಬಂದಿತ್ತು. ಅಜ್ಜ ಸಂಜೆ ಹೊತ್ತು ಟಿವಿ ಸೀರಿಯಲ್ ನೋಡುತ್ತಿದ್ದ, ಬಸ್‌ಸ್ಟ್ಯಾಂಡಿಗೆ ಕೇಳುವಷ್ಟು ಜೋರಾಗಿ. ನಾನು ಕಿವಿಗೆ ಇಯರ್‌ಫೋನ್ ಹಾಕಿ ಒಳಗೆ ಕೂತಿರುತ್ತಿದ್ದೆ.

ಆ ಪುಟದಲ್ಲಿ ಅಜ್ಜನ ಬಾಯಲ್ಲಿ ಹೇಳಿಸಿದ್ದು ಇದು. "ರಾತ್ರಿ ಲಾರಿಯಲ್ಲಿ ತುಂಬಿ ಕಾಡಿನ ನಡುವೆ ಇಳಿಸಿದರು, ಕೋಳಿಗೂಡನ್ನು ಮಡಿಲಲ್ಲಿ ಇಟ್ಟುಕೊಂಡು ಬೆಳಗಿನವರೆಗೆ ಕೂತಿದ್ದೆ, ಕೋಳಿ ಕೂಗಿದಾಗಲೇ ನನಗೆ ಅಳು ಬಂದಿದ್ದು." ಇದನ್ನು ಓದಿಯೇ ಇಲ್ಲಿನವರಿಗೆ ನನ್ನ ಮೇಲೆ ಪ್ರೀತಿ ಹುಟ್ಟಿದ್ದು. ಆ ಮಾತು ಯಾರದ್ದು ಎಂದು ನಿನಗೆ ಈಗ ಗೊತ್ತಾಗಿರುತ್ತದೆ. ನಿಮ್ಮ ಅಜ್ಜಿಯದು. ನಿಮ್ಮನೆ ಜಗಲಿಯಲ್ಲಿ, ಹಪ್ಪಳ ಒಣಗಿಸುತ್ತಾ ಹೇಳಿದ್ದು. ಅವರನ್ನು ನಾನು ಗಂಡಸು ಮಾಡಿ, ನನ್ನ ಅಜ್ಜ ಮಾಡಿ, ಡಂಡಿಗೆ ಕಳಿಸಿದೆ. ಆ ಹುಳುವಿನ ಕೇಸಿನಂತೆಯೇ, ಹೇಳಿದ್ದೆಲ್ಲ ನಿಜ ಎಂದು ಇಟ್ಟುಕೊಂಡು ಸೀಟು ಕೊಟ್ಟರು.

ಇದನ್ನು ನಿನಗೆ ಫೋನಿನಲ್ಲಿ ಹೇಳಬೇಕಿತ್ತು. ಎಲ್ಲರೆದುರು ಹೇಳಿದರೆ ನೀನು ಬೈಯಲಾರೆ ಎಂಬ ಧೈರ್ಯದಲ್ಲಿ ಇಲ್ಲಿ ಬರೆದೆನೋ ಏನೋ.

ಇನ್ನೊಂದಿದೆ. ಅಜ್ಜನ ಮಂಚದ ಕೆಳಗೆ ಹಸಿರು ತಗಡಿನ ಟ್ರಂಕು ಇತ್ತಲ್ಲ, ನಾವು ಅದರ ಮೇಲೆ ನಿಂತು ಅಟ್ಟ ಹತ್ತುತ್ತಿದ್ದೆವು. ಅದರಲ್ಲಿ ಆ ಕಾಲದ ಕಾಗದಗಳಿವೆ. ಪರಿಹಾರದ್ದು, ಬದಲಿ ಜಾಗದ್ದು, ಯಾವುದೋ ಕಚೇರಿಯ ನೋಟಿಸು. ಜಾಸ್ತಿ ಇಂಗ್ಲಿಷಿನಲ್ಲೇ. ನಾನು ಪಿಯುಸಿಯಲ್ಲಿ ಇದ್ದಾಗ ಅಜ್ಜ ಒಂದು ದಿನ ಅದನ್ನು ತೆಗೆದು ಎದುರಿಗೆ ಇಟ್ಟ. "ನೀ ಇಂಗ್ಲಿಷ್ ಓದ್ತಿಯಲ, ಇದ್ರಲ್ಲಿ ಎಂತ ಬರ್ದಿದೆ ನೋಡು." ಓದಿ ಹೇಳ್ತೇನೆ ಅಜ್ಜ ಎಂದೆ. ಪರೀಕ್ಷೆ ಇತ್ತು. ಆಮೇಲೆ ಕ್ರಿಕೆಟ್ ಇತ್ತು. ಅವನು ಇನ್ನೊಂದು ಸಲ ಕೇಳಿದ, ಮೂರನೇ ಸಲ ಕೇಳಲಿಲ್ಲ. ನಾನು ಇಲ್ಲಿಗೆ ಬಂದ ಎರಡನೇ ತಿಂಗಳು ಹೋಗಿಬಿಟ್ಟ. ಅವತ್ತು ನಾನು ಲೈಬ್ರರಿಯಲ್ಲಿ ಕೂತು, ಉತ್ತರ ಸಮುದ್ರದ ಎಣ್ಣೆ ಲೈಸೆನ್ಸಿನ ನಲವತ್ತು ಪುಟ ಓದುತ್ತಿದ್ದೆ. ಒಂದು ಶಬ್ದ ಬಿಡದೆ ಓದಿದೆ. ನಿಧಾನ ಓದುತ್ತೀಯ, ಒಳ್ಳೆಯ ಗುಣ ಎಂದು ನಮ್ಮ ಮೇಷ್ಟ್ರು ಹೊಗಳಿದರು.

ಪಿಟ್ಲೊಖ್ರಿಯಿಂದ ಬಂದ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಕೇಸು ತಯಾರು ಮಾಡಿದೆ. ಅಜ್ಜನ ಕಡೆಯಿಂದ ನನ್ನ ಮೇಲೆ. ಓದಿ ಹೇಳ್ತೇನೆ ಎಂದಿದ್ದು ಮಾತು ಕೊಟ್ಟ ಹಾಗೆ ತಾನೇ? ಇಂಗ್ಲೆಂಡಿನ ಕಾನೂನಿನಲ್ಲಿ ಕೊಟ್ಟ ಮಾತು ನಿಲ್ಲಬೇಕಾದರೆ ಎದುರಿನವನು ಅದಕ್ಕೆ ಏನಾದರೂ ಕೊಟ್ಟಿರಬೇಕು. ಅಜ್ಜ ಏನೂ ಕೊಟ್ಟಿಲ್ಲ. ಒಂದು ನಿಂಬೆ ಪೆಪ್ಪರ್ಮೆಂಟ್ ಕೊಟ್ಟ, ಆದರೆ ಅದು ದಿನವೂ ಕೊಡುತ್ತಿದ್ದದ್ದು, ಲೆಕ್ಕಕ್ಕೆ ಬರುವುದಿಲ್ಲ. ಸ್ಕಾಟ್ಲೆಂಡಿನ ಕಾನೂನು ಇನ್ನೂ ಉದಾರ. ಇಲ್ಲಿ ಬದಲಿಗೆ ಏನೂ ಪಡೆಯದೆ ಕೊಟ್ಟ ಮಾತೂ ಮಾತೇ, ಅದಕ್ಕೂ ಕಟ್ಟುಬೀಳಬೇಕು. ಬೆವರು ಬಂತು. ಆಮೇಲೆ 1995ರ ಕಾಯ್ದೆ ತೆಗೆದು ನೋಡಿದೆ. ವ್ಯಾಪಾರದ್ದಲ್ಲದ ಅಂಥ ಮಾತು ಬರವಣಿಗೆಯಲ್ಲಿ ಇರಬೇಕಂತೆ. ಬಾಯಿಮಾತು ಸಾಲದು.

ನೋಡು, ಎರಡೂ ಕಾನೂನಿನಲ್ಲಿ ಬಚಾವಾದೆ. ಈ ಡಿಗ್ರಿಗೆ ಅಪ್ಪ ಸಾಲ ಮಾಡಿದ್ದು ಸಾರ್ಥಕ ಅಲ್ವಾ? ಗುರುತಿನವರು ಯಾರಾದರೂ ಮಾತು ತಪ್ಪಿದ್ದರೆ ಕಳಿಸು, ಎರಡು ದೇಶದಲ್ಲಿ ತಪ್ಪಿಸಿಕೊಳ್ಳುವ ದಾರಿ ತೋರಿಸುತ್ತೇನೆ. ನಿನಗೆ ಫೀಸು ಬೇಡ. ಹಲಸಿನಕಾಯಿ ಲೆಕ್ಕದಲ್ಲಿ ಕಳೆದುಕೊಳ್ಳೋಣ.

ಒಂದು ಕೆಲಸ ಮಾಡ್ತೀಯಾ? ಮಳೆಗಾಲ, ನಿನಗೆ ಪುರುಸೊತ್ತಿಲ್ಲ, ಗೊತ್ತು. ಯಾವ ಮರ ಯಾವ ಲೈನಿನ ಮೇಲೆ ಬಿದ್ದಿದೆ, ಯಾವ ಟ್ರಾನ್ಸ್‌ಫಾರ್ಮರ್ ಹೋಗಿದೆ ಎಂದು ಓಡುತ್ತಿರುತ್ತೀಯ. ನಾನು ಕರೆಂಟಿನ ಕಾನೂನು ಓದುವವನು, ನೀನು ಕರೆಂಟು ಕೊಡುವವನು, ನಮ್ಮಿಬ್ಬರಲ್ಲಿ ಊರಿಗೆ ಯಾರು ಬೇಕು ಎಂದು ನನಗೂ ಗೊತ್ತಿದೆ. ಆದರೂ ನಮ್ಮ ಮನೆ ಕಡೆ ಬಂದರೆ ಅಮ್ಮನ ಹತ್ತಿರ ಕೇಳಿ ಆ ಟ್ರಂಕು ತೆಗಿ. ಬೀಗ ಹಾಕಿದ ಹಾಗೆ ಕಾಣುತ್ತದೆ, ಹಾಕಿಲ್ಲ. ಗೆದ್ದಲು ಹಿಡಿಯದೆ ಉಳಿದಿದ್ದರೆ ಒಂದೊಂದು ಕಾಗದವನ್ನೂ ಫೋಟೋ ತೆಗೆದು ಕಳಿಸು, ಹಿಂದೆ ಮುಂದೆ ಎರಡೂ ಕಡೆ. ನಿಮ್ಮ ಅಜ್ಜಿ ಹತ್ತಿರ ನಾನೇ ಮಾತಾಡುತ್ತೇನೆ, ನೀನು ಮೊದಲೇ ಹೇಳಿ ಕೆಲಸ ಕೆಡಿಸಬೇಡ. ಅವರಿಗೆ ಇಲ್ಲಿಂದ ಏನು ತರಲಿ ಎಂದು ಮಾತ್ರ ಉಪಾಯವಾಗಿ ಕೇಳಿ ಇಟ್ಟಿರು.

ಮತ್ತೆ, ಫೋಟೋ ತೆಗೆಯುವಾಗ ನಿನ್ನ ಹೆಬ್ಬೆಟ್ಟು ಅಡ್ಡ ಬರದ ಹಾಗೆ ನೋಡಿಕೋ. ತಂಗಿ ಮದುವೆಯ ಅಷ್ಟೂ ಫೋಟೋದಲ್ಲಿ ಅದೇ ಇದೆ. ಈ ಕಾಗದಗಳಲ್ಲಿ ಮುತ್ತಜ್ಜನದೊಂದು ಆಗಲೇ ಬಿದ್ದಿದೆಯಂತೆ.

ನಿನ್ನ,
ಡ್ಯಾಮ್ ಹುಡುಗ