ಈ ವಾರದ ಚಿತ್ರ: ನೋಡಿದವರಿಗೆ ನಗು ಬರಬೇಕು

ಎಲ್ಲರಿಗೂ ನಮಸ್ಕಾರ. ಈ ವಾರ ನಗೆಚಿತ್ರ ಬರೆಯಲು ವಿಷಯ ಕೊಡುವುದಿಲ್ಲ, ನೀವೇ ಹುಡುಕಿ. ಏನೂ ತೋಚುತ್ತಿಲ್ಲ ಅಂತ ಕೆಲವರು ಹೇಳಿದ್ದೀರಿ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಫೋನಿನಲ್ಲಿ ಬೇರೆಯವರ ಚಿತ್ರ ನೋಡುವ ಮೊದಲು ಕಾಸರಗೋಡು ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಕನ್ನಡ, ಮಲಯಾಳ ಎರಡೂ ಇರುವ ಬೋರ್ಡು ನೋಡಿ. ಎರಡೂ ದುಂಡು ಅಕ್ಷರವೇ, ಆದರೆ ಕನ್ನಡಕ್ಕೆ ತಲೆಕಟ್ಟು ಇದೆ. ಆ ತಲೆಕಟ್ಟನ್ನೇ ಯಾರದೋ ಮೀಸೆ ಮಾಡಬಹುದು ಅಲ್ವಾ?

ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೆ ಕಾಗೆ ಅಂದರೆ ಪ್ರಾಣವಾಗಿತ್ತು, ಎಷ್ಟು ಬರೆದರೂ ಸಾಲುತ್ತಿರಲಿಲ್ಲ. ಅವರ ಶ್ರೀಸಾಮಾನ್ಯನನ್ನೂ ನೋಡಿ. ಚೌಕುಳಿ ಕೋಟು, ಧೋತಿ, ಕನ್ನಡಕ. ಮಾತಿಲ್ಲ, ಸುಮ್ನೆ ನೋಡುತ್ತಾನೆ, ಅಷ್ಟಕ್ಕೇ ನಗು ಬರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಗಳಿಗೆ, ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಟ್ಟಿ ಇಡುತ್ತಾರೆ, ಒಂದು ಚುಕ್ಕೆ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು, ಹಾಗೆ ಮುಖದ ತುಂಬಾ ಮುಳ್ಳು ಏಳುತ್ತಾ ಹೋಗುತ್ತದೆ, ಗಂಟೆಗಟ್ಟಲೆ ಕೆಲಸ. ಹಾಸ್ಯಗಾರರಿಗೆ ಅಷ್ಟೆಲ್ಲ ಬೇಡ, ನಾಲ್ಕು ಗೆರೆ ಸಾಕು, ಉಳಿದದ್ದು ಮುಖವೇ ಮಾಡುತ್ತದೆ. ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕು ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹೋದರೆ ಕೇಳಿಯೇ ಒಳಗೆ ಹೋಗಿ, ಬಣ್ಣ ಹಾಕುವವರಿಗೆ ಅಡ್ಡ ನಿಲ್ಲಬೇಡಿ.

ಭಾನುವಾರ ರಾತ್ರಿಯೊಳಗೆ ಒಂದು ಚಿತ್ರ ಹಾಕಿ. ಪೆನ್ಸಿಲ್ ಆದರೂ ಆದೀತು, ಬಿಲ್ಲಿನ ಹಿಂದೆ ಬರೆದರೂ ಆದೀತು. ಫಾರ್ವರ್ಡ್ ಬೇಡ, ಎಐ ಚಿತ್ರವೂ ಬೇಡ. ಯಾರದೇ ಮೈಬಣ್ಣ, ಮೈಕಟ್ಟು, ಜಾತಿ ಹಿಡಿದು ತಮಾಷೆ ಮಾಡಿದ್ದನ್ನು ತೆಗೆದುಹಾಕುತ್ತೇನೆ. ಮಕ್ಕಳು ಬರೆದದ್ದಿದ್ದರೆ ಅವರ ಹೆಸರು ಹಾಕದೆ ವಯಸ್ಸು ಮಾತ್ರ ಬರೆದು ಕಳಿಸಿ.