ಭಾನುವಾರದ ಮೊದಲ ಆರಾಧನೆ: ಎಲ್ಲರ ಗಮನಕ್ಕೆ

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ನಾವು ನಾಲ್ವರೂ ತಾಂಜಾನಿಯಾದ ಮೋಶಿಗೆ ಕ್ಷೇಮವಾಗಿ ಬಂದು ಸೇರಿದ್ದೇವೆ. ಇಲ್ಲಿನ ವಿಶ್ವಾಸಿಗಳ ಜೊತೆ ನಮ್ಮ ಮೊದಲ ಆರಾಧನೆ ಈ ಭಾನುವಾರ.

ಸಮಯದ ಬಗ್ಗೆ ಮೊದಲೇ ಹೇಳಿಬಿಡ್ತೀನಿ. ಪಾಸ್ಟರ್ ‘ಸಾ ನ್ನೆ’ ಅಂದರು, ಅಂದರೆ ನಾಲ್ಕು ಗಂಟೆ. ನಾನು ಸಂಜೆ ಅಂದುಕೊಂಡಿದ್ದೆ! ಸ್ವಾಹಿಲಿಯಲ್ಲಿ ಗಂಟೆ ಎಣಿಸೋದು ಬೆಳಿಗ್ಗೆ 6ರಿಂದ. ಹಾಗಾಗಿ ಅದು ಬೆಳಿಗ್ಗೆ 10, ನಿಮಗೆ ಮಧ್ಯಾಹ್ನ 12.30.

ಆರಾಧನೆ ಎರಡು ಮೂರು ಗಂಟೆ ನಡೆಯುತ್ತದಂತೆ. ಪೂರ್ತಿ ತೋರಿಸೋಕೆ ಆಗಲ್ಲ, ನೆಟ್‌ವರ್ಕ್ ಅಷ್ಟಕ್ಕಷ್ಟೇ. ನಿಮ್ಮ 12.45ಕ್ಕೆ ಹದಿನೈದು ನಿಮಿಷ ಮಾತ್ರ ವಿಡಿಯೋ ಕಾಲ್. ದಯವಿಟ್ಟು ಮೈಕ್ ಆಫ್ ಮಾಡಿಟ್ಟುಕೊಳ್ಳಿ. ಯಾರಾದರೂ ‘ಬ್ವಾನಾ ಅಸಿಫಿವೆ’ (ಕರ್ತನಿಗೆ ಸ್ತೋತ್ರ) ಅಂದರೆ ಕೈ ಎತ್ತಿ ‘ಆಮಿನಾ’ ಅನ್ನಿ, ಸಾಕು.

ಕಾಣಿಕೆಗೆ ಕೆಲವರು ಮೊಟ್ಟೆ, ಬಾಳೆಗೊನೆ ತರ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ ಅದರ ಹರಾಜು. ಚಿಕ್ಕವಳಿಗೆ ಆರಾಧನೆಗಿಂತ ಅದರದ್ದೇ ಚಿಂತೆ ಜಾಸ್ತಿ, ಕೋಳಿ ಬಂದರೆ ತಗೋಬೇಕಂತೆ.

ನಾವು ಒಂದು ಕನ್ನಡ ಹಾಡು ಹಾಡಬೇಕು ಅಂತ ಕೇಳಿದ್ದಾರೆ. ಎರಡೇ ಚರಣ, ಚಪ್ಪಾಳೆಗೆ ಹೊಂದುವಂಥದ್ದು. ಯಾವುದು ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಕಾಲ್‌ಗೆ ಬರುವವರೂ ಹೆಸರು ಹಾಕಿ.

ಇಲ್ಲಿನ ಮಕ್ಕಳ ಫೋಟೋ ಮಾತ್ರ ಗುಂಪಿನಿಂದ ಆಚೆ ಕಳಿಸಬೇಡಿ, ಅವರ ಮನೆಯವರನ್ನ ನಾವಿನ್ನೂ ಕೇಳಿಲ್ಲ.

ನನ್ನ ಸ್ವಾಹಿಲಿ ಸಾಕ್ಷಿಗಾಗಿ ಪ್ರಾರ್ಥಿಸಿ. ನಾಲ್ಕೇ ವಾಕ್ಯ, ಮೂರು ಬಾಯಿಪಾಠ ಆಗಿದೆ.